ಬುಧವಾರದ ಸೀಲು

“ಸಹಿ ನಂದೇ ಥರ ಐತೆ ಸಾಹೇಬ್ರೇ. ಆದ್ರೆ ನಾನು ಹಾಕಿಲ್ಲ.”

2002ರ ಡಿಸೆಂಬರ್ 16, ಸೋಮವಾರ, ಬೆಳಿಗ್ಗೆ 10.20. ತಿಪಟೂರಿನ ಠಾಣೆಯಲ್ಲಿ ಕೊಬ್ಬರಿ ಮಂಡಿಯ ಶಂಭುಲಿಂಗಯ್ಯನವರು ಒಂದು ಪತ್ರ ಮುಂದಿಟ್ಟರು. ಮಂಡಿಯ ಮಹಡಿಯಲ್ಲಿ ಅವರದೊಂದು ಕಂಪ್ಯೂಟರ್ ಕೇಂದ್ರ. ಅಲ್ಲಿ ಏಳು ಜನ ಕೂತು ಅಮೆರಿಕದ ಕಂಪನಿಯೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದರು. ಗುಟ್ಟಿನ ಸಂದೇಶಕ್ಕೆ ಬೀಗ ಹಾಕುವ ಪ್ರೋಗ್ರಾಂ; ಯಾರು ಬೇಕಾದರೂ ನೋಡಿ ಬಳಸಲೆಂದು ಇಂಟರ್‌ನೆಟ್ಟಿನಲ್ಲಿ ಇಡುವಂಥದ್ದು. ಇಡುವ ಮೊದಲು ಅಲ್ಲಿನ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ತಿಳಿಸಿದ್ದೀರಾ ಎಂದು ಕಂಪನಿ ಕೇಳಿದಾಗ, ತಿಳಿಸಿದ್ದೇವೆ ಎಂದು ಕೇಂದ್ರದಿಂದ ಹೋದ ಈ ಪತ್ರಕ್ಕೆ ನವೆಂಬರ್ 13ರ ತಾರೀಖು, ಅಂದರೆ ಪ್ರೋಗ್ರಾಂ ಇಡುವುದಕ್ಕೆ ಎರಡು ದಿನ ಮೊದಲು. ಆ ಸರ್ಕಾರಕ್ಕೆ ಮಾತ್ರ ಯಾವ ಸೂಚನೆಯೂ ತಲುಪಿರಲಿಲ್ಲ. ಸಹಿ ಹಾಕಿದವರು ವಾರದೊಳಗೆ ಸಿಗದಿದ್ದರೆ ಕಂಪನಿ ಕೊಟ್ಟ ಕೆಲಸವೂ ಹೋಗುತ್ತದೆ, ಕೇಸೂ ಶಂಭುಲಿಂಗಯ್ಯನವರ ಮೇಲೆಯೇ.

ಎಫ್‌ಐಆರ್ ಆಯಿತು. ಮಧ್ಯಾಹ್ನ ಮಹಡಿಯಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ದುರ್ಗಯ್ಯ ಎಲ್ಲರಿಗಿಂತ ಹಿಂದೆ ಮೆಟ್ಟಿಲು ಹತ್ತಿದ. ಅಲ್ಲಿ ಕೆಲಸಕ್ಕಿದ್ದ ನೊಣವಿನಕೆರೆಯ ಗಿರಿಜಾಂಬಿಕಾ ಅವನ ಮಗಳು ಪವಿತ್ರಳಿಗೆ ಭಾನುವಾರಗಳಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ಕಲಿಸಿದವಳು.

ಇನ್ಸ್‌ಪೆಕ್ಟರ್ ರವಿಕಿರಣ್ ಕಾರವಾರದ ಕಡೆಯವರು. ಪತ್ರವನ್ನು ಬೆಳಕಿಗೆ ಹಿಡಿದು, ಸಹಿಯ ಪಕ್ಕದ ಮಂಡಿಯ ಸೀಲು ಅಸಲಿಯೇ ಅಂದರು. ದುರ್ಗಯ್ಯ ಗೋಡೆಯ ಕ್ಯಾಲೆಂಡರ್ ಹಿಂದಕ್ಕೆ ಮಗುಚಿದ. ನವೆಂಬರ್ 13 ಬುಧವಾರ. ಹೇಳಿದರೆ ಗಿರಿಜಾಂಬಿಕಾಳ ಕಡೆಗೇ ತಿರುಗೀತು, ಹೇಳದೆ ಇದ್ದುಬಿಡಲೇ ಅನ್ನಿಸಿತು.

“ಸಾ, ಬುಧವಾರ, ಶನಿವಾರ ಕೊಬ್ಬರಿ ಟೆಂಡರ್ರು. ಯಜಮಾನ್ರು ಸೀಲನ್ನ ಚೀಲಕ್ಕೆ ಹಾಕ್ಕೊಂಡು ಬೆಳಿಗ್ಗೆನೇ ಎಪಿಎಂಸಿ ಯಾರ್ಡಿಗೆ ಹೋಗ್ತಾರೆ, ಬರೋದು ರಾತ್ರಿನೇ. ಆವತ್ತು ಇಲ್ಲಿಗೆ ಸೀಲು ಹೆಂಗೆ ಬಂತು?”

ಪತ್ರ ಬೇರೆ ದಿನದ್ದು ಎಂದಾಯಿತು. ಹುಡುಕಿದರೆ ಕಂಪ್ಯೂಟರಿನಲ್ಲಿ ಅದನ್ನು ಟೈಪು ಮಾಡಿದ್ದು ಡಿಸೆಂಬರ್ 9, ಸೋಮವಾರ, ಸಂಜೆ 4.10ಕ್ಕೆ. ಉಳಿದ ದಿನಗಳಲ್ಲಿ ಸೀಲು ಇರುತ್ತಿದ್ದ ಡ್ರಾಯರಿನ ಕೀ ಗಿರಿಜಾಂಬಿಕಾಳ ಹತ್ತಿರ.

ಬುಧವಾರ, 18ನೇ ತಾರೀಖು. ಠಾಣೆಯಲ್ಲಿ, ಮಹಿಳಾ ಪೇದೆ ಮಂಜಮ್ಮನ ಎದುರು ಗಿರಿಜಾಂಬಿಕಾಳ ವಿಚಾರಣೆ.

“ಸೂಚನೆ ಕಳಿಸೋದು ಯಾರ ಕೆಲಸ?” ರವಿಕಿರಣ್ ಕೇಳಿದರು.

“ನಂದೇ ಸಾರ್.”

“ಯಾಕೆ ಕಳಿಸಲಿಲ್ಲ?”

“ಎಲ್ರೂ ನೋಡ್ಲಿ ಅಂತ ಇಡೋದನ್ನ ಯಾರಿಗೆ ಹೇಳೋದು ಅಂತ ಬಿಟ್ಟೆ. ಕಂಪನಿಯವ್ರು ಕೇಳಿದ್ಮೇಲೆ ಭಯ ಆಯ್ತು, ಯಜಮಾನ್ರ ಸಹಿ ನಾನೇ ಹಾಕ್ದೆ.”

11.30ಕ್ಕೆ ಬಂಧನವೆಂದು ಬರೆದುಕೊಂಡರು. ಇನ್ಸ್‌ಪೆಕ್ಟರ್ ಎದ್ದುಹೋದ ಮೇಲೆ ಅವಳು ದುರ್ಗಯ್ಯನಿಗೆ ಮೆಲ್ಲಗೆ ಹೇಳಿದಳು: ಪ್ರೋಗ್ರಾಮಿನ ಮೊದಲನೇ ಸಾಲಿನಲ್ಲಿ ಅವಳ ಹೆಸರಿತ್ತು. ಕಾನೂನು ತಪ್ಪಿದ್ದು ಗೊತ್ತಾದರೆ ಕಂಪನಿಯವರು ಪ್ರೋಗ್ರಾಮನ್ನೇ ಇಂಟರ್‌ನೆಟ್ಟಿನಿಂದ ತೆಗೆದುಹಾಕುತ್ತಿದ್ದರು. ಅವಳ ಹೆಸರು ಅಚ್ಚಾಗಿ ನಿಂತ ಜಾಗ ಬೇರೊಂದಿರಲಿಲ್ಲ.

ಅಷ್ಟರಲ್ಲಿ ಶಂಭುಲಿಂಗಯ್ಯನವರು ಚೀಲ ಹೆಗಲಿಗೇರಿಸಿಕೊಂಡು ಒಳಗೆ ಬಂದರು. ಸೂಚನೆ ಕೊಡುವುದು ತಡವಾಯಿತು, ತಪ್ಪು ನಮ್ಮದೇ ಎಂದು ಅಮೆರಿಕಕ್ಕೆ ಕಳಿಸಲು ಬರೆಸಿದ ಕಾಗದವನ್ನು ಅವಳ ಮುಂದಿಟ್ಟು, ಒಕ್ಕಣೆ ಸರಿಯಿದೆಯೇ ನೋಡು ಅಂದರು.

“ಟೆಂಡರ್ ಬುಟ್ಟು ಬಂದ್ರಾ ಯಜಮಾನ್ರೇ?” ದುರ್ಗಯ್ಯ ಕೇಳಿದ.

“ಬಂದೆ ಕಣಪ್ಪ. ತಾರೀಖು ಇವತ್ತಿಂದೇ ಹಾಕ್ಸಿವ್ನಿ.”

ಗಿರಿಜಾಂಬಿಕಾ ಓದಿ, ಪೆನ್ನು ತೆಗೆದುಕೊಂಡು ಒಂದು ಕಡೆ ತಿದ್ದಿ, ಕಾಗದವನ್ನು ಹಿಂದಕ್ಕೆ ಸರಿಸಿದಳು. ಅವರು ಚೀಲದಿಂದ ಸೀಲು ತೆಗೆದು, ಬಾಯಿಯ ಹಬೆ ಊದಿ, ಒತ್ತಿದರು.