ದಿಲೀಪ್ ಬಾಯಿ ಮುಚ್ಚಿದ ಮಧ್ಯಾಹ್ನ

ಮಾತಿನಲ್ಲಿ ದಿಲೀಪನನ್ನು ಗೆಲ್ಲುವವರು ಗ್ರೇಟರ್ ನೋಯ್ಡಾದಲ್ಲೇ ಇರಲಿಲ್ಲ. ಮನೆಮಾತು ಕನ್ನಡವೇ, ಆದರೆ ಅಪ್ಪ ಕೇಂದ್ರ ಸರ್ಕಾರದ ನೌಕರ, ಬೆಳೆದದ್ದೆಲ್ಲ ದೆಹಲಿಯಲ್ಲಿ, ಈಗ ಬಿಲ್ಡರ್ ಆಫೀಸಿನಲ್ಲಿ ಫ್ಲಾಟ್ ಮಾರುವ ಕೆಲಸ. ಹೋದ ವಾರ ಜೊತೆಯಲ್ಲೇ ಕೆಲಸ ಮಾಡುವ ದಾವಣಗೆರೆಯ ವೈಜಯಂತಿಗೆ ಪ್ರೀತಿ ಹೇಳಿಕೊಂಡದ್ದೂ ಫ್ಲಾಟ್ ಮಾರಿದ ಹಾಗೆಯೇ. ಒಂದೇ ಉಸಿರಿಗೆ ತನ್ನ ಗುಣಗಾನ ಮಾಡಿಕೊಂಡ, ಅವಳು ಬಾಯಿ ತೆರೆಯುವಷ್ಟರಲ್ಲಿ, "ಇಷ್ಟ ಇಲ್ಲ ಅಂತ ಅರ್ಥವಾಯ್ತು, ಚಲೋ, ಬರ್ತೀನಿ!" ಎಂದು ಎದ್ದುಹೋದ. ಸೋಮವಾರದಿಂದ ಗುರ್‌ಗಾಂವ್ ಆಫೀಸಿಗೆ ವರ್ಗ ಬೇರೆ ಕೇಳಿಕೊಂಡಿದ್ದ.

ವೈಜಯಂತಿಗೆ ಅವನೆಂದರೆ ಪ್ರಾಣ. ಆದರೆ ಕೇಳಿಸಿಕೊಳ್ಳಲು ಬಾರದವನ ಜೊತೆ ಜೀವನಪೂರ್ತಿ ಏಗುವುದು ಹೇಗೆ, ಹೇಳಿ?

ಶನಿವಾರ ಮಧ್ಯಾಹ್ನ ಕೃಷ್ಣಮೂರ್ತಿ ದಂಪತಿ ಫ್ಲಾಟ್ ನೋಡಲು ಬಂದರು. ಕನ್ನಡದವರು ಎಂದು ತಿಳಿದದ್ದೇ ತಡ, ದಿಲೀಪ್ ಶುರುಹಚ್ಚಿಕೊಂಡ. "ಅಂಕಲ್, ಓಪನ್ ಕಿಚನ್! ಏಕ್‌ದಮ್ ಫಾರಿನ್ ಸ್ಟೈಲ್!"

"ಆಯ್ತು, ಆಯ್ತು," ಎಂದರು ಕೃಷ್ಣಮೂರ್ತಿ. ಅವರು ಎಲ್ಲಕ್ಕೂ ಆಯ್ತು ಎನ್ನುತ್ತಿದ್ದರು. ದಿಲೀಪ್ ಬುಕಿಂಗ್ ಫಾರ್ಮ್ ತಂದಿಟ್ಟದ್ದೇ ಅವರು ಎದ್ದು ನಿಂತರು. "ಮನೇಲಿ ಮಾತಾಡಿ ಹೇಳ್ತೀವಪ್ಪ."

"ಆದ್ರೆ ಅಂಕಲ್, ಆಫರ್ ಇವತ್ತೇ..."

ವೈಜಯಂತಿ ಅವನನ್ನು ಕಣ್ಣಲ್ಲೇ ಗದರಿ, ಕೃಷ್ಣಮೂರ್ತಿಯವರ ಹೆಂಡತಿ ಸರಳಮ್ಮನವರ ಪಕ್ಕ ಕುರ್ಚಿ ಎಳೆದುಕೊಂಡಳು. "ಆಂಟಿ, ನಿಮಗೇನನ್ನಿಸ್ತು?"

ಕೇಳಿ ಸುಮ್ಮನಾದಳು. ದಿಲೀಪನ ತುಟಿ ಅಲುಗಿತು. ಅವಳು ಹುಬ್ಬೇರಿಸಿದಳು. ಪಾಪ, ನುಂಗಿಕೊಂಡ.

ಸರಳಮ್ಮ ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. "ಮನೆಯೇನೋ ಚೆನ್ನಾಗಿದೆ ಕಣಮ್ಮ. ಆದ್ರೆ ನಮ್ಮತ್ತೆ ಮಡೀಲಿ ಅಡುಗೆ ಮಾಡೋರು. ಬಂದು ಹೋಗೋರ ಕಣ್ಣೆದುರೇ ಒಲೆ ಅಂದ್ರೆ ಅವರಿಗೆ ಆಗಲ್ಲ. ಒಂದು ಗೋಡೆ, ಒಂದು ಬಾಗಿಲು ಇದ್ದಿದ್ರೆ..."

"ಹಾಕಿಸಬಹುದು ಆಂಟಿ. ನಾಳೆ ಭಾನುವಾರ, ಅತ್ತೇನೂ ಕರ್ಕೊಂಡು ಬನ್ನಿ, ಎಲ್ಲಿ ಬೇಕು ಅಂತ ಅವರೇ ತೋರಿಸ್ಲಿ."

ಸರಳಮ್ಮನ ಮುಖ ಅರಳಿತು. ಹೋಗುವಾಗ, ಅತ್ತೆಯನ್ನು ಕರೆತರಲು ಲಿಫ್ಟ್ ಯಾವ ಕಡೆ ಹತ್ತಿರ ಎಂದೂ ವಿಚಾರಿಸಿಕೊಂಡರು.

ಅವರು ಹೋದ ಮೇಲೆ ದಿಲೀಪ್ ತಲೆ ಕೆರೆದುಕೊಂಡ. "ಅಂಕಲ್ ಎಲ್ಲದಕ್ಕೂ ಆಯ್ತು ಅಂದ್ರಲ್ಲ, ಯಾರ್!"

"ಮರ್ಯಾದಸ್ಥರು ಕಣೋ. ಮುಖಕ್ಕೆ ಹೊಡೆದ ಹಾಗೆ ಬೇಡ ಅಂತಾರಾ? ನಿರ್ಧಾರ ಆಂಟೀದು. ನೀನು ಅವರ ಕಡೆ ತಿರುಗೂ ನೋಡ್ಲಿಲ್ಲ."

ಅವನು ಬುಕಿಂಗ್ ಫಾರ್ಮ್ ಮಡಚಿಟ್ಟ. "ಹೋದ ವಾರ ನೀನೂ ಸುಮ್ನೇ ಇದ್ದೆ. ಅದೂ ಮರ್ಯಾದೆಗಾ?"

"ನೀನು ಜಾಗ ಬಿಟ್ಟಿದ್ದಾದ್ರೂ ಎಲ್ಲಿ, ಮಹರಾಯ?"

ದಿಲೀಪನ ಕಿವಿ ಕೆಂಪಾಯಿತು. "ವೈಜೂ, ನನ್ನನ್ನ ಮದುವೆ ಆಗ್ತೀಯಾ?" ಎಂದ. ಅಷ್ಟೇ. ಆಮೇಲೆ ನಿಜವಾಗಿಯೂ ಬಾಯಿ ಮುಚ್ಚಿದ.

ವೈಜಯಂತಿಗೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಆದರೂ ಬೇಕೆಂದೇ ಕಾಯಿಸಿದಳು. ಅವನ ಕಣ್ಣು ತನ್ನ ಮುಖ ಬಿಟ್ಟು ಕದಲುತ್ತಿಲ್ಲ ಎಂಬುದೇ ಅವಳಿಗೆ ಹಿತವಾಗಿತ್ತು.

"ಆಗ್ತೀನಿ," ಎಂದಳು. "ನೀನಂದ್ರೆ ನಂಗೆ ತುಂಬಾ ಇಷ್ಟ. ಗುರ್‌ಗಾಂವ್‌ಗೆ ಹೋಗಲ್ಲ ಅಂತ ಇವತ್ತೇ ಹೇಳು. ನಾನಂತೂ ಕೆಲಸ ಬಿಡಲ್ಲ. ನಿಮ್ಮಮ್ಮನ ಹತ್ರ ನಾನೇ ಮಾತಾಡ್ತೀನಿ."

ದಿಲೀಪ್ ಖುಷಿಯಲ್ಲಿ ಏನೋ ಹೇಳಹೊರಟ.

"ನಂದಿನ್ನೂ ಮುಗಿದಿಲ್ಲ," ಎಂದಳು ವೈಜಯಂತಿ.

ಅವನು ಅವಳ ಕೈ ಹಿಡಿದುಕೊಂಡು ಕೇಳಲು ಕೂತ.