ಸಾಲು ಮುರಿದವರು

ಮಂಗಳವಾರ ಬೆಳಿಗ್ಗೆ ಬೀಗ ತೆಗೆದಾಗ ಸಾಲು ಇರಲಿಲ್ಲ. ಗೊಂಬೆಗಳೆಲ್ಲ ಇದ್ದವು.

ವಸ್ತುಸಂಗ್ರಹಾಲಯದ ಎರಡನೇ ಕೋಣೆ. ಒಂದೇ ಉದ್ದನೆಯ ಪೀಠದ ಮೇಲೆ ಐದು ಆಳೆತ್ತರದ ಗೊಂಬೆಗಳು. ಮೊದಲನೆಯದು ಕೈಯೂರಿದ ವಾನರ. ಎರಡನೆಯದು, ಮೂರನೆಯದು ಒಂದಕ್ಕಿಂತ ಒಂದು ನೆಟ್ಟಗೆ. ನಾಲ್ಕನೆಯವನು ದಪ್ಪ ಹುಬ್ಬಿನ, ಅಗಲ ಎದೆಯ ಮನುಷ್ಯ. ಐದನೆಯವನು ನಮ್ಮಂಥವನು, ಭರ್ಜಿ ಹಿಡಿದವನು. ಟಿಕೆಟ್ಟಿನ ಮೇಲೂ ಶಾಲಾಪುಸ್ತಕದ ರಟ್ಟಿನ ಮೇಲೂ ಅದೇ ಮೆರವಣಿಗೆ.

ಈಗ ಪೀಠ ಐದು ತುಂಡಾಗಿತ್ತು. ವಾನರ ದೂರದ ಕಿಟಕಿಯತ್ತ ಮುಖ ಮಾಡಿತ್ತು. ನಾಲ್ಕನೆಯವನು ಐದನೆಯವನ ಹಿಂದೆ ಇರಲಿಲ್ಲ. ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದ.

"ಇನ್ನೇನು ನೋಡ್ತೀರಿ ಮೇಡಂ? ಆ ಮೇಷ್ಟ್ರದ್ದೇ ಕೆಲಸ," ಎಂದರು ನಿರ್ದೇಶಕರು, ಇನ್‌ಸ್ಪೆಕ್ಟರ್ ಕಡೆ ತಿರುಗಿ.

ಮೇಷ್ಟ್ರು ಊರಿಗೆಲ್ಲ ಗೊತ್ತು. ನಿವೃತ್ತ ಶಾಲಾ ಶಿಕ್ಷಕ. ಪ್ರತಿ ಶನಿವಾರ ಗೇಟಿನ ಮುಂದೆ ಫಲಕ ಹಿಡಿದು ನಿಲ್ಲುತ್ತಿದ್ದರು: 'ನನ್ನ ಅಜ್ಜ ಮಂಗನಲ್ಲ'. ಕಳೆದ ವಾರ ನಿರ್ದೇಶಕರಿಗೆ ಪತ್ರವನ್ನೂ ಬರೆದಿದ್ದರು. ಅದರ ಕೊನೆಯ ಸಾಲು, 'ಈ ಮೆರವಣಿಗೆಯನ್ನು ಉರುಳಿಸದೆ ಬಿಡುವವನಲ್ಲ'. ದಫೇದಾರ ಆಗಲೇ ಅವರನ್ನು ಠಾಣೆಯಲ್ಲಿ ಕೂರಿಸಿ ಬಂದಿದ್ದ. ಸಂಜೆ ಐದಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ಮೇಲಧಿಕಾರಿಯ ಫೋನೂ ಬಂದಿತ್ತು.

ಇನ್‌ಸ್ಪೆಕ್ಟರ್ ಪೀಠದ ಪಕ್ಕ ಮಂಡಿಯೂರಿ ಕೂತಳು. ಕೋಣೆಗಳು ಮಾತಾಡುತ್ತವೆ ಎಂದು ಆಕೆ ನಂಬಿದವಳಲ್ಲ. ಆದರೆ ಅವು ಸುಮ್ಮನಿರುವ ರೀತಿ ಬೇರೆ ಬೇರೆ. ಜಗಳವಾದ ಕೋಣೆಯ ಮೌನ ಒಂದು ಥರ. ಇದು ಹಾಗಿರಲಿಲ್ಲ. ಕೆಲಸ ಮುಗಿದ ಕೋಣೆಯಂತಿತ್ತು.

ಒಂದು ಮೂಗೂ ಮುಕ್ಕಾಗಿರಲಿಲ್ಲ. ಒಂದು ಬೆರಳೂ ಮುರಿದಿರಲಿಲ್ಲ. ಗರಗಸ ಹೋದ ಗೆರೆ ದಾರ ಹಿಡಿದಂತೆ ನೇರ. ಒಂದೇ ಕಡೆ ನಾಲ್ಕು ಬೆರಳಿನಷ್ಟು ಬಳಸಿ ಹೋಗಿ ಮತ್ತೆ ನೇರವಾಗಿತ್ತು. ಟಾರ್ಚು ಬಿಟ್ಟಳು. ಪ್ಲಾಸ್ಟರ್ ಒಳಗೆ ಹುದುಗಿದ ಒಂದು ಕಬ್ಬಿಣದ ಸರಳು. ಅದರ ಮೇಲೆ ಒಂದು ಗೀರೂ ಇಲ್ಲ.

ಕತ್ತರಿಸಿದ ಅಂಚಿಗೆ ಬೆರಳಿಟ್ಟಳು. ಕಂದು ಬಣ್ಣದ ಹೊಳಪು.

"ಇದೇನ್ರೀ ವಾಸನೆ?"

ದಫೇದಾರ ಮೂಸಿದ. "ಅರಗಿನ ಪಾಲಿಶ್, ಮೇಡಂ. ನಮ್ಮಪ್ಪ ಬಡಗಿ, ಮನೆಯೆಲ್ಲ ಇದೇ ವಾಸನೆ ಇರ್ತಿತ್ತು. ಅಂಚು ಉದುರದ ಹಾಗೆ ಬಳಿದಿದಾರೆ."

"ಸಿಟ್ಟಿಗೆದ್ದು ಹೊಡೆಯೋಕೆ ಬಂದೋನು ಗಾಯಕ್ಕೆ ಮುಲಾಮು ಹಚ್ಚಿ ಹೋಗ್ತಾನಾ?"

ಆಕೆ ನಿರ್ದೇಶಕರತ್ತ ತಿರುಗಿದಳು. "ಇವನ್ನ ಮಾಡಿದೋರು ಯಾರು?"

"ಯಾವ ಕಾಲದ್ದೋ. ಯಾರೋ ಗುತ್ತಿಗೆಯವರು. ಹೆಸರು ನೆನಪಿಲ್ಲ."

ಉತ್ತರ ಪ್ರಶ್ನೆಗಿಂತ ಬೇಗ ಬಂದಂತಿತ್ತು.

* * *

"ಕೂತ್ಕೊಳ್ಳಿ ಮೇಷ್ಟ್ರೇ."

"ನಿಂತೇ ಅಭ್ಯಾಸ. ಮೂವತ್ತೈದು ವರ್ಷ ನಿಂತೇ ಪಾಠ ಮಾಡಿದೀನಿ."

"ನಿನ್ನೆ ಎಲ್ಲಿದ್ರಿ?"

"ಮನೇಲಿ, ಒಬ್ಬನೇ. ಸಾಕ್ಷಿ ಬೇಕಂದ್ರೆ ಗೋಡೇನ ಕೇಳಿ."

"ಉರುಳಿಸ್ತೀನಿ ಅಂತ ಬರೆದಿದ್ರಲ್ಲ?"

"ವಾದದಲ್ಲಿ ಉರುಳಿಸ್ತೀನಿ ಅಂದೆ, ತಾಯಿ. ಕದ್ದು ಮುರಿಯೋನು ಕಾಗದದಲ್ಲಿ ಹೆಸರು, ವಿಳಾಸ ಬರೆದು, ಸ್ಟಾಂಪ್ ಅಂಟಿಸಿ ಕಳಿಸ್ತಾನಾ? ನಿಮ್ಮ ದಫೇದಾರ್ರು ಹೇಳಿದ್ರು, ಒಪ್ಕೊಂಡು ಸಹಿ ಹಾಕಿದ್ರೆ ಇವತ್ತೇ ಮನೆಗೆ ಕಳಿಸ್ತಾರಂತೆ. ಹಾಕಲ್ಲ. ಜೈಲಿಗೆ ಬೇಕಾದ್ರೂ ಹೋದೇನು, ಮಾಡದ್ದನ್ನ ಮಾಡಿದೆ ಅನ್ನಲ್ಲ."

ಅವರ ಮನೆಯಿಂದ ತಂದ ಗರಗಸ ಮೇಜಿನ ಮೇಲಿತ್ತು. ಫಲಕಕ್ಕೆ ಹಿಡಿ ಕೊಯ್ಯಲು ಇಟ್ಟುಕೊಂಡದ್ದು. ಹಲ್ಲುಗಳ ಸಂದಿನಲ್ಲಿ ಮರದ ಹೊಟ್ಟು ಮೆತ್ತಿತ್ತು. ಬಿಳಿ ಪುಡಿಯ ಸುಳಿವಿಲ್ಲ. ಚಹಾ ಕೊಟ್ಟಾಗ ಮೇಷ್ಟ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಆದರೂ ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಆಕೆ ಆ ನಡುಗುವ ಕೈಗಳನ್ನೇ ನೋಡುತ್ತ ಕೂತಳು. ದಾರದಂಥ ನೇರ ಗೆರೆ ಈ ಕೈಗಳದ್ದಲ್ಲ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಇನ್ನೊಬ್ಬರು ಸಿಗದಿದ್ದರೆ ಐದಕ್ಕೆ ಇವರು ಹೋಗುವುದು ಜೈಲಿಗೇ.

* * *

ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಗೇಟಿನ ಕಾವಲುಗಾರ ಬೆಳಿಗ್ಗೆಯಿಂದ ಹೇಳಿದ್ದನ್ನೇ ಹೇಳಿದ. "ಯಾರೂ ಬರಲಿಲ್ಲ ಮೇಡಂ. ಒಂದು ನರಪಿಳ್ಳೆಯೂ ಇಲ್ಲ."

"ಗೊಂಬೆಗಳಿಗೆ ಧೂಳು ಒರೆಸೋದು ಯಾರು?"

"ಗೊಂಬೆಯಮ್ಮ. ಪ್ರತಿ ಸೋಮವಾರ ಬರ್ತಾರಲ್ಲ."

"ನಿನ್ನೆ?"

"ನಿನ್ನೇನೂ ಬಂದಿದ್ರು." ಅವನು ಕಣ್ಣು ಪಿಳುಕಿಸಿದ. "ಅವರನ್ನೂ ಲೆಕ್ಕಕ್ಕೆ ಹಿಡೀಬೇಕಾ? ಅವುಗಳನ್ನೆಲ್ಲ ಮಾಡಿದೋರೇ ಅವರಲ್ವಾ!"

ನೆಲಮಾಳಿಗೆಯಲ್ಲಿ ಒಂದು ಕಾರ್ಯಾಗಾರ. ಎಪ್ಪತ್ತು ದಾಟಿದ ಹೆಂಗಸು ಬೋಗುಣಿಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದರು. ಗೋಡೆಯ ಮೊಳೆಗೆ ತೊಳೆದು ಎಣ್ಣೆ ಹಚ್ಚಿದ ಗರಗಸ ತೂಗುಹಾಕಿತ್ತು.

"ಬಂದ್ರಾ? ಬೆಳಿಗ್ಗೆಯಿಂದ ಕಾಯ್ತಿದೀನಿ. ಊಟಾನೂ ಆಯ್ತು."

"ನೀವೇ ಕತ್ತರಿಸಿದ್ದಾ?"

"ಇನ್ಯಾರು? ಸರಳು ಎಲ್ಲಿದೆ ಅಂತ ಇಟ್ಟೋಳಿಗೆ ತಾನೇ ಗೊತ್ತು. ಒಳಗೆಲ್ಲ ಟೊಳ್ಳು. ಗೋಣಿಚೀಲದ ಮೇಲಿಟ್ಟು ಎಳೆದೆ. ನಡು ಹಿಡ್ಕೊಂಡಿದೆ, ಅದು ಬೇರೆ."

"ಯಾಕಮ್ಮ?"

ಗೊಂಬೆಯಮ್ಮ ಬೋಗುಣಿಗೆ ಇನ್ನಷ್ಟು ನೀರು ಸುರಿದು ಮತ್ತೆ ಕಲಸತೊಡಗಿದರು.

"ಮೂವತ್ತನೇ ವಯಸ್ಸಲ್ಲಿ ಪುಸ್ತಕ ಹೇಳಿದ ಹಾಗೆ ಮಾಡಿದೆ. ಆಗ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಹೊಸ ಮೂಳೆ ಸಿಕ್ಕವು, ಲೆಕ್ಕಾಚಾರ ಬದಲಾಯ್ತು. ನಾಲ್ಕನೆಯವನು ಐದನೆಯವನ ಅಪ್ಪ ಅಲ್ಲಮ್ಮ, ದಾಯಾದಿ. ಒಂದೇ ಕಾಲದಲ್ಲಿ ಬದುಕಿದ್ರು. ಎರಡೂ ಕುಲದವರ ನಡುವೆ ಮಕ್ಕಳೂ ಆದ್ವು. ಇನ್ನು ಆ ವಾನರ, ಅದನ್ನ ನಾನು ಮೃಗಾಲಯದಲ್ಲಿ ನೋಡ್ಕೊಂಡು ಮಾಡಿದ್ದು. ಇವತ್ತು ಬದುಕಿರೋ ಪ್ರಾಣಿ ನಮ್ಮ ಅಜ್ಜ ಹೇಗಾಗುತ್ತೆ?"

"ಹಾಗಾದ್ರೆ ಗೇಟಿನ ಮೇಷ್ಟ್ರು ಹೇಳೋದೇ ಸರಿ?"

"ಅರ್ಧ. ಅಜ್ಜ ಅಲ್ಲ ಅನ್ನೋದು ಸರಿ. ನೆಂಟಸ್ತಿಕೇನೇ ಇಲ್ಲ ಅಂತಾರಲ್ಲ, ಅದು ತಪ್ಪು. ಹಿಂದೆ ಹಿಂದೆ ಹೋದ್ರೆ ಇಬ್ಬರಿಗೂ ಒಬ್ಬನೇ ಮುತ್ತಜ್ಜ. ಅವನ ಮುಖ ಇನ್ನೂ ಯಾರಿಗೂ ಸಿಕ್ಕಿಲ್ಲ. ಸಿಗದೇ ಇದ್ದದ್ದನ್ನ ಸಿಕ್ಕಿಲ್ಲ ಅನ್ನೋಕೆ ಏನು ನಾಚಿಕೆ?" ಅವರ ದನಿ ಏರಿತು. "ನಿರ್ದೇಶಕರಿಗೆ ಹನ್ನೊಂದು ಕಾಗದ ಬರೆದೆ. ಜನಕ್ಕೆ ಅಭ್ಯಾಸ ಆಗಿದೆ, ಬಿಡಮ್ಮ ಅಂದ್ರು. ಮಕ್ಕಳು ದಿನಾ ಬಂದು ನನ್ನ ತಪ್ಪನ್ನ ಬಾಯಿಪಾಠ ಮಾಡ್ಕೊಂಡು ಹೋಗೋದು. ನೋಡ್ಕೊಂಡು ಸಾಯ್ಲಾ?"

"ಮೇಷ್ಟ್ರನ್ನ ಹಿಡಿದಿದಾರೆ, ಗೊತ್ತಾ?"

ಕಲಸುವ ಕೈ ನಿಂತಿತು. "ಯಾಕೆ? ಅವರೇನು ಮಾಡಿದ್ರು?"

ಕೈ ಕೂಡ ತೊಳೆಯದೆ ಎದ್ದರು.

* * *

ನಾಲ್ಕೂಕಾಲು. ಇನ್‌ಸ್ಪೆಕ್ಟರ್ ಜೊತೆ ಗೊಂಬೆಯಮ್ಮ ನಿರ್ದೇಶಕರ ಕೋಣೆಗೆ ಬಂದರು. ದಫೇದಾರ ಮೇಷ್ಟ್ರನ್ನೂ ಕರೆತಂದ.

"ಸರಳು ಹೊರಗಿನಿಂದ ಕಣ್ಣಿಗೆ ಕಾಣಲ್ಲ. ಆದ್ರೂ ಗರಗಸ ಅದನ್ನ ಬಳಸಿ ಹೋಗಿದೆ. ಅಂದ್ರೆ ಸರಳು ಇಟ್ಟೋರ ಕೈ," ಎಂದಳು ಇನ್‌ಸ್ಪೆಕ್ಟರ್. "ಅಂಚಿಗೆ ಪಾಲಿಶ್ ಬಳಿದಿದೆ. ಅಂದ್ರೆ ಗೊಂಬೆ ಹಾಳಾಗಬಾರದು ಅನ್ನೋರು. ಕಾವಲುಗಾರ ನೋಡಿಯೂ ನೋಡದ ಹಾಗೆ ಬಿಡೋದು ಒಬ್ಬರನ್ನೇ."

"ಅಯ್ಯೋ, ನಮ್ಮ ಗೊಂಬೆಯಮ್ಮಾನಾ?" ನಿರ್ದೇಶಕರು ನಗಲು ನೋಡಿದರು. "ಹಾಗಿದ್ರೆ ನಮ್ಮ ಮನೆ ವಿಷಯ ಬಿಡಿ. ದೂರು ವಾಪಸ್ ತಗೊಳ್ತೀನಿ."

"ಬೆಳಿಗ್ಗೆ ಇವರ ಹೆಸರೇ ನೆನಪಿಲ್ಲ ಅಂದ್ರಿ." ಆಕೆ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. "ಅಮ್ಮ ಇಟ್ಕೊಂಡಿರೋ ಹನ್ನೊಂದು ಪತ್ರದ ಪ್ರತಿ. ಎಲ್ಲದರ ಮೇಲೂ 'ತಲುಪಿದೆ' ಅಂತ ನಿಮ್ಮ ಸಹಿ. ಕೊನೆಯದು ಹದಿನೈದು ದಿನದ ಹಿಂದಿನದು. 'ನೀವು ಸರಿಪಡಿಸದಿದ್ದರೆ ನಾನೇ ಬಿಡಿಸಿ ನಿಲ್ಲಿಸುತ್ತೇನೆ' ಅಂತಿದೆ. ಕೋಣೆಗೆ ಕಾಲಿಟ್ಟ ಕೂಡಲೇ ನಿಮಗೆ ಗೊತ್ತಾಗಿದೆ, ಸಾರ್. ಈ ಪತ್ರಗಳು ಹೊರಗೆ ಬರಬಾರದು ಅಂತ ಮೇಷ್ಟ್ರ ಕಡೆ ಕೈ ತೋರಿಸಿದ್ರಿ."

ನಿರ್ದೇಶಕರು ಪತ್ರಗಳತ್ತ ಕೈ ಚಾಚಿದರು. ಫೋನ್ ಹೊಡೆದುಕೊಂಡಿತು, ಮೇಲಧಿಕಾರಿಯದು.

"ಮುಗೀತೇನಮ್ಮ?"

"ಇಲ್ಲ ಸಾರ್, ಈಗ ಶುರು. ಮೇಷ್ಟ್ರನ್ನ ಬಿಡ್ತಿದೀನಿ. ಸುಳ್ಳು ದೂರು ಕೊಟ್ಟೋರ ಮೇಲೆ ಬೇರೆ ಕೇಸು ಬರೀತೀನಿ." ಆ ಕಡೆಯಿಂದ ಬೈಗುಳ ಶುರುವಾಗುತ್ತಿತ್ತು. ಆಕೆ ಫೋನ್ ಇಟ್ಟಳು.

"ನನ್ನ ಮೇಲಿನ ಕೇಸು ಮಾತ್ರ ಬಿಡಬೇಡಿ," ಎಂದರು ಗೊಂಬೆಯಮ್ಮ.

"ಅಮ್ಮ, ಅವರೇ ವಾಪಸ್ ತಗೊಳ್ತೀನಿ ಅಂತಿದಾರೆ."

"ಅವರ ದಯೆ ಯಾರಿಗೆ ಬೇಕು? ಮಾಡಿದೀನಿ, ಹಾಕಿ. ಕಾಗದ ಬರೆದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಕೋರ್ಟಲ್ಲಾದ್ರೂ ಕೇಳ್ತಾರಲ್ಲ!"

ಮೂಲೆಯಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡೀಮ್ಮ, ನಿಮ್ಮ ದಾಯಾದಿ ಕಥೆ ನಾನು ಒಂದಿಷ್ಟೂ ಒಪ್ಪಲ್ಲ. ಆದ್ರೆ ಜಾಮೀನಿಗೆ ನಾನು ನಿಲ್ತೀನಿ."

"ನಿಲ್ಲಿ. ದಾರಿಯುದ್ದಕ್ಕೂ ಜಗಳ ಆಡೋಣ."

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆ ತೆಗೆದಳು. ಹೆಸರು ಬರೆದಳು, ವಯಸ್ಸು ಬರೆದಳು, ಕಸುಬು ಬರೆದಳು. 'ಕಾರಣ' ಎಂದು ಬರೆದು ಪೆನ್ನು ಎತ್ತಿದಳು. ಸಾಮಾನ್ಯವಾಗಿ ಅಲ್ಲಿ ಒಂದು ಪದ ಸಾಕು. ಸಿಟ್ಟು, ಕುಡಿತ, ಹಳೆಯ ದ್ವೇಷ.

"ಹೇಳಿ ಅಮ್ಮ. ನಿಧಾನಕ್ಕೆ ಹೇಳಿ, ಎಲ್ಲ ಬರ್ಕೋತೀನಿ."

ಗೊಂಬೆಯಮ್ಮ ನಿರ್ದೇಶಕರ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಇನ್ನೊಂದಿಷ್ಟು ಹಾಳೆ ತರಿಸಿ," ಎಂದರು.