ಧ್ಯೇಯವಾಕ್ಯದ ಹಿಂಬದಿ

ಶನಿವಾರ ಬೆಳಿಗ್ಗೆ ಡೈರಿ ತಿರುವಿ ಹಾಕುತ್ತಿದ್ದ ದಯಾಮಣಿ ಮತ್ತೆ ಮೊದಲಿನಿಂದ ತಿರುವಿದಳು. ತಾನು ಯಾರಿಗೂ ತೋರಿಸದ, ಮತ್ತೆ ಮತ್ತೆ ಓದಿಕೊಳ್ಳಬೇಕೆಂದಿದ್ದ ಒಂದು ಪುಟವೇ ಇರಲಿಲ್ಲ.

ಎಲ್ಲಿ ಹೋಯಿತೆಂದು ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೋದ ಭಾನುವಾರ ಕಾಣಿಕೆ ಚೀಲಕ್ಕೆ ಹೋಗಿತ್ತು.

ಹೊಸಕೋಟೆಯ ಅವರ ಚರ್ಚಿನಲ್ಲಿ ಒಂದು ಪದ್ಧತಿ. ಡಿಸೆಂಬರ್ ಬಂತೆಂದರೆ ಹೊಸ ವರ್ಷದ ಧ್ಯೇಯವಾಕ್ಯವನ್ನು ಸಭೆಯವರೇ ಚೀಟಿಯಲ್ಲಿ ಬರೆದು, ಹೆಸರು ಹಾಕದೆ ಚೀಲಕ್ಕೆ ಹಾಕಬೇಕು. ಪಾದ್ರಿ ಅಯ್ಯನವರು ಒಂದನ್ನು ಆರಿಸಿ ಕಾಂಪೌಂಡ್ ಗೋಡೆಯ ಮೇಲೆ ಬರೆಸುತ್ತಾರೆ. ಈ ವರ್ಷಕ್ಕೆ, ಅಂದರೆ 1994ಕ್ಕೆ, 'ಭೂಮಿಯ ಅಂಚಿನವರೆಗೂ ನಮ್ಮ ಸೇವೆ' ಎಂದು ಬರೆಸಿದ್ದರು.

"ಅಂಚಿಗೆ ಆಮೇಲೆ ಹೋಗೋರಂತೆ, ಮೊದ್ಲು ಹಿಂದಿನ ಬೀದಿಗೆ ಬನ್ರಪ್ಪ!" ಎಂದು ಚರ್ಚಿನ ಹಿಂದಿನ ಬೀದಿಯ ಪಾಪಮ್ಮಜ್ಜಿ ಹೋದ ಭಾನುವಾರ ಗೇಟಿನಲ್ಲೇ ರೇಗಿದ್ದರು. "ಮೂರು ತಿಂಗ್ಳು ಮಂಡಿನೋವು ಅಂತ ಮಲಗಿದ್ದೆ. ಒಬ್ರಾದ್ರೂ ಇಣುಕಿದ್ರಾ?"

ಆ ಮಾತು ಮನಸ್ಸಿಗೆ ನಾಟಿದ್ದರಿಂದಲೇ ದಯಾಮಣಿ ಬೆಂಚಿನಲ್ಲಿ ಕೂತಲ್ಲೇ ಡೈರಿಯಿಂದ ಒಂದು ಹಾಳೆ ಹರಿದು, 'ಬಾಗಿಲು ತಟ್ಟೋಣ, ಕುಶಲ ಕೇಳೋಣ' ಎಂದು ಗೀಚಿ ಹಾಕಿದ್ದಳು. ಹಾಳೆಯ ಹಿಂಬದಿ ನೋಡಿರಲಿಲ್ಲ.

ಹಿಂಬದಿಯಲ್ಲಿ ಪ್ರಭುದಾಸನಿದ್ದ.

ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ, ರಜಾ ದಿನ ಬೋರ್ಡು ಬರೆಯುವುದು, ಭಾನುವಾರ ಹಾಡುವುದು. ಹಾಡುವಾಗ ಪುಸ್ತಕದ ಮೇಲಿನಿಂದ ಒಮ್ಮೆ ಅವಳತ್ತ ನೋಡಿ, ಮುಂದಿನ ಸಾಲು ತಪ್ಪಿಸುವುದೂ ಅವನ ರೂಢಿಯಾಗಿತ್ತು. ಅವಳು ಬರೆದಿದ್ದಳು: 'ಇವತ್ತೂ ಪ್ರಭುದಾಸ್ ತಾವಾಗಿಯೇ ಮಾತಾಡಿಸಿದರು. ಇವತ್ತೂ ನಾನು ಹೂಂ ಅಂದೆ, ಅಷ್ಟೆ. ಬಿ.ಎ. ಓದಿ ಏನು ಬಂತು? ದೇವರೇ, ಅವರ ಮುಂದೆ ನನಗೊಂದು ಎರಡನೇ ಮಾತು ಕೊಡು.'

ಗೋಡೆಯ ಮೇಲೆ ಬರೆಯುವವನೂ ಅವನೇ. ಇದನ್ನು ಓದಿ ನಕ್ಕುಬಿಟ್ಟರೆ? ಮತ್ತೆ ಆ ಬೆಂಚಿನಲ್ಲಿ ಕೂರುವುದು ಹೇಗೆ?

ಅಯ್ಯನವರನ್ನು ಕೇಳಿ ಚೀಟಿ ವಾಪಸ್ ತರೋಣವೆಂದು ಚಪ್ಪಲಿ ಮೆಟ್ಟಿ ಓಡಿದಳು. ಗೇಟಿನ ಹತ್ತಿರ ಕಾಲು ನಿಂತುಹೋಯಿತು. ಸುಣ್ಣ ಬಳಿದ ಗೋಡೆಯ ಮೇಲೆ ನೀಲಿಯಲ್ಲಿ ಅವಳದೇ ಮಾತು! 'ಬಾಗಿಲು ತಟ್ಟೋಣ, ಕುಶಲ' ಎಂಬಲ್ಲಿಗೆ ಬಂದಿತ್ತು. ಏಣಿಯ ಮೇಲೆ ಪ್ರಭುದಾಸ್. ಅವನ ಅಂಗಿಯ ಜೇಬಿನಿಂದ ಆ ಹಾಳೆಯ ತುದಿ ಇಣುಕುತ್ತಿತ್ತು.

"ಬಂದ್ರಾ? ಅಕ್ಷರ ಸ್ವಲ್ಪ ದಪ್ಪ ಆಯ್ತೇನ್ರೀ?"

"ಹೂಂ," ಎಂದಳು. ನಾಲಿಗೆ ಕಚ್ಚಿಕೊಂಡಳು.

ಅವನು ತುಟಿಯಂಚಿನಲ್ಲೇ ನಕ್ಕು ಇಳಿದು ಬಂದ. ಕೈಯನ್ನು ಬಟ್ಟೆಗೆ ಒರೆಸಿದ. ಒರೆಸಿದ ಮೇಲೂ ಬೆರಳುಗಳಲ್ಲಿ ನೀಲಿ ಉಳಿದಿತ್ತು. ಹಾಳೆಯನ್ನು ಅಂಚು ಮುಕ್ಕಾಗದಂತೆ ತೆಗೆದು ಅವಳಿಗೆ ಕೊಟ್ಟ.

"ಓದಿದ್ರಾ?" ಹಾಳೆ ತಿರುಗಿಸಿ ನೋಡುತ್ತ ಕೇಳಿದಳು.

"ಹೆಸರಿಲ್ದಿದ್ರೂ ಆ ಹೂಂ ಯಾರ್ದು ಅಂತ ಗೊತ್ತಾಯ್ತು. ಅಯ್ನೋರು ಕೊಡುವಾಗ್ಲೇ ಹೇಳಿದ್ರು, 'ಎರಡೂ ಕಡೆ ನೋಡಿ ಬರಿಯಪ್ಪ' ಅಂತ."

"ಅಯ್ಯೋ ದೇವರೇ! ಅವರೂ ಓದಿದ್ರಾ?"

"ನೋಡಿ, ಎರಡನೇ ಮಾತು ಬಂತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವನು ನಗಲಿಲ್ಲ. ಏಣಿಯ ಮೆಟ್ಟಿಲನ್ನು ಉಗುರಿನಿಂದ ಕೆರೆಯುತ್ತ, ಇಷ್ಟು ದಿನ ಜೋರಾಗಿ ಹಾಡುತ್ತಿದ್ದವನು ತೀರ ಮೆಲ್ಲಗೆ ಹೇಳಿದ.

"ನಾನೂ ಎರಡು ವರ್ಷದಿಂದ ಅಕ್ಷರದ ದಪ್ಪ, ಹಾಡಿನ ನಂಬರು, ಇಂಥದ್ದೇ ಕೇಳ್ಕೊಂಡು ಬಂದೆ ಕಣ್ರೀ. ಕೇಳ್ಬೇಕಾಗಿದ್ದು ಬೇರೆ. ನಾಳೆ ಆರಾಧನೆ ಆದ್ಮೇಲೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ಬೇಡ ಅಂದ್ರೂ ಪರವಾಗಿಲ್ಲ. ಆದ್ರೆ ಹೂಂ ಅಂತ ಮಾತ್ರ ಅನ್ಬೇಡಿ, ನಂಗೆ ಅರ್ಥ ಆಗಲ್ಲ."

ದಯಾಮಣಿ ಗೋಡೆಯ ಕಡೆ ತಿರುಗಿ ತನ್ನ ಮಾತನ್ನು ಓದಿದಳು. ಊರಿಗೆಲ್ಲ ಬಾಗಿಲು ತಟ್ಟಿ ಎಂದು ಬರೆದವಳು ತಾನೇ ಅಲ್ಲವೇ?

ಹಾಳೆಯನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿದಳು. ತಲೆ ಎತ್ತಿದಳು.

"ನಾಲ್ಕು ಗಂಟೆಗೆ ಬನ್ನಿ," ಎಂದಳು. "ಬಾಗಿಲು ಮಾತ್ರ ಜೋರಾಗಿ ತಟ್ಟಿ. ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ."